ಬೆಳ್ಳಿ ಡಾಲರಿನ ಗುಣಪರೀಕ್ಷೆ

1884ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದ ಎರಡು ಬೆಳ್ಳಿ ಡಾಲರುಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದರೆ, ಲೋಹ, ವರ್ಷ, ಚಿತ್ರ ಎಲ್ಲವೂ ಒಂದೇ ಆಗಿದ್ದರೂ, ಕೈಯಿಂದ ಕೈಗೆ ದಾಟಿ ಸವೆದ ಒಂದನ್ನು ಸಾಮಾನ್ಯ ಗೃಹಸ್ಥನೂ ಕೊಳ್ಳಬಲ್ಲನು. ಚಲಾವಣೆಯ ಸೋಂಕೇ ಇಲ್ಲದೆ ಉಳಿದುಬಂದ ಇನ್ನೊಂದರ ಬೆಲೆಯಾದರೋ ಅದರ ನೂರಾರು ಪಟ್ಟಿಗೆ ಏರಿರುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣವಾಗುವುದು ನಾಣ್ಯದ ಮೈ ಇಂದು ಯಾವ ಸ್ಥಿತಿಯಲ್ಲಿದೆಯೆಂಬುದೊಂದೇ. ಆ ಸ್ಥಿತಿಯನ್ನು ನಿಷ್ಪಕ್ಷಪಾತವಾಗಿ ಓದಿ ದರ್ಜೆಯನ್ನು ನಿರ್ಣಯಿಸುವುದು ನಾಣ್ಯಶಾಸ್ತ್ರದಲ್ಲಿ ಒಂದು ಗಂಭೀರವಾದ ವಿದ್ಯೆಯಾಗಿ ಬೆಳೆದಿದೆ.

ಈ ಡಾಲರಿಗೆ ಅದರ ಶಿಲ್ಪಿಯಾದ ಜಾರ್ಜ್ ಮಾರ್ಗನ್ ಎಂಬಾತನ ಹೆಸರೇ ರೂಢಿಯಾಗಿದೆ. 1878ರಿಂದ 1904ರವರೆಗೂ, ಅನಂತರ 1921ರಲ್ಲಿ ಮತ್ತೊಮ್ಮೆಯೂ ಅಚ್ಚಾದ ಈ ನಾಣ್ಯವು ನೂರಕ್ಕೆ 90 ಪಾಲು ಬೆಳ್ಳಿಯನ್ನೂ ಉಳಿದ 10 ಪಾಲು ತಾಮ್ರವನ್ನೂ ಒಳಗೊಂಡು 26.73 ಗ್ರಾಂ ತೂಗುತ್ತದೆ. ಮುಮ್ಮುಖದಲ್ಲಿ ಸ್ವಾತಂತ್ರ್ಯದೇವಿಯ ಶಿರಸ್ಸು, ಹಿಮ್ಮುಖದಲ್ಲಿ ರೆಕ್ಕೆ ಬಿಚ್ಚಿದ ಗರುಡ. ಸರ್ಕಾರವು ತಿಂಗಳು ತಿಂಗಳೂ ಇಪ್ಪತ್ತರಿಂದ ನಲವತ್ತು ಲಕ್ಷ ಡಾಲರು ಬೆಲೆಯ ಬೆಳ್ಳಿಯನ್ನು ಕೊಂಡು ನಾಣ್ಯ ಮಾಡಿಸಬೇಕೆಂದು 1878ರ ಕಾಯಿದೆಯೊಂದು ವಿಧಿಸಿದ್ದುದರಿಂದ ಇವು ರಾಶಿರಾಶಿಯಾಗಿ ಹುಟ್ಟಿದುವು. ಆದರೆ ಇಷ್ಟು ಭಾರದ ನಾಣ್ಯವನ್ನು ಹೊತ್ತು ತಿರುಗಲು ಜನರು ಒಪ್ಪದಿದ್ದುದರಿಂದ, ಸಾವಿರ ಸಾವಿರದ ಚೀಲಗಳಲ್ಲಿ ಕಟ್ಟಲ್ಪಟ್ಟು ಖಜಾನೆಯ ನೆಲಮಾಳಿಗೆಗಳಲ್ಲಿ ದಶಕಗಳ ಕಾಲ ಬಿದ್ದುಕೊಂಡುವು.

ಈ ರಾಶಿಯ ಬಹುಭಾಗವು ನಮ್ಮ ದೇಶಕ್ಕೆ ಬಂದು ಸೇರಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಜನರು ಕಾಗದದ ನೋಟುಗಳನ್ನು ಕೊಟ್ಟು ಬೆಳ್ಳಿಯ ರೂಪಾಯಿಗಳನ್ನು ಕೇಳತೊಡಗಿದಾಗ, ಕೊಡುವುದಕ್ಕೆ ಬೆಳ್ಳಿಯಿಲ್ಲದೆ ಬ್ರಿಟಿಷ್ ಸರ್ಕಾರವು ಅಮೆರಿಕದ ನೆರವನ್ನು ಬೇಡಿತು. 1918ರ ಪಿಟ್‌ಮನ್ ಕಾಯಿದೆಯಂತೆ ಇಪ್ಪತ್ತೇಳು ಕೋಟಿಗೂ ಮೀರಿದ ಡಾಲರುಗಳು ಕರಗಿ, ಅವುಗಳ ಬೆಳ್ಳಿಯ ಅತ್ಯಧಿಕ ಭಾಗವು ಇಲ್ಲಿಗೆ ಬಂದು ರೂಪಾಯಿಗಳಾಗಿ ಪುನರ್ಜನ್ಮ ಪಡೆಯಿತು. ಯಾವ ವರ್ಷದ ಡಾಲರುಗಳು ಎಷ್ಟೆಷ್ಟು ಕರಗಿದುವೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಆದುದರಿಂದಲೇ, ಅಚ್ಚಾದವುಗಳ ಸಂಖ್ಯೆಯನ್ನು ಮಾತ್ರ ನೋಡಿ ಒಂದು ಡಾಲರಿನ ವಿರಳತೆಯನ್ನು ಹೇಳುವುದು ಸಾಧ್ಯವಿಲ್ಲ. ಎಷ್ಟು ಉಳಿದಿವೆ, ಉಳಿದವು ಯಾವ ಸ್ಥಿತಿಯಲ್ಲಿವೆ ಎಂಬುದೇ ಪ್ರಧಾನ ಪ್ರಶ್ನೆಯಾಗುತ್ತದೆ.

ಈ ಸ್ಥಿತಿಯನ್ನು ಹಿಂದಿನವರು ಒಳ್ಳೆಯದು, ಉತ್ತಮ, ಅತ್ಯುತ್ತಮ ಎಂಬ ವಿಶೇಷಣಗಳಿಂದ ಸೂಚಿಸುತ್ತಿದ್ದರು; ಮಾರುವವನ ಅತ್ಯುತ್ತಮವು ಕೊಳ್ಳುವವನಿಗೆ ಬರಿಯ ಉತ್ತಮವಾಗಿ ತೋರಿದರೆ ಕೇಳುವವರಿರಲಿಲ್ಲ. ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸನು 1949ರಲ್ಲಿ ತಾಮ್ರದ ಹಳೆಯ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಮಾನವೊಂದನ್ನು ರಚಿಸಿದನು. ಮುಂದೆ ಅದೇ ಮಾನವು ಅಮೆರಿಕದ ಇತರ ನಾಣ್ಯಗಳಿಗೂ ಅನ್ವಯವಾಯಿತು. ಇಂದು ಒಂದೆಂಬ ಅಂಕವು ಗುರುತು ಹಿಡಿಯುವಷ್ಟು ಮಾತ್ರ ಉಳಿದ ನಾಣ್ಯಕ್ಕೂ, ಎಪ್ಪತ್ತು ಸರ್ವಥಾ ನಿರ್ದೋಷವಾದ ನಾಣ್ಯಕ್ಕೂ ಸಲ್ಲುತ್ತದೆ. ಅರುವತ್ತು ಇವುಗಳ ನಡುವಿನ ಮುಖ್ಯವಾದ ಎಲ್ಲೆ. ಅಲ್ಲಿಂದ ಮೇಲಕ್ಕೆ ಇರುವವೆಲ್ಲ ಚಲಾವಣೆಯಿಂದ ಸವೆಯದವು. 1986ರಲ್ಲಿ ಪಿಸಿಜಿಎಸ್ ಎಂಬ ಸಂಸ್ಥೆಯೂ ಮರುವರ್ಷ ಎನ್‌ಜಿಸಿ ಎಂಬುದೂ ಹುಟ್ಟಿ, ಕೊಳ್ಳುವವನೂ ಮಾರುವವನೂ ಅಲ್ಲದ ಮೂರನೆಯವರು ದರ್ಜೆಯನ್ನು ನಿರ್ಣಯಿಸಿ ನಾಣ್ಯವನ್ನು ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಪದ್ಧತಿಯು ನೆಲೆಯೂರಿತು.

ಹೊಸ ಪರೀಕ್ಷಕನು ಮೊದಲು ಕಲಿಯತಕ್ಕದ್ದು ಕಾಂತಿಯ ಲಕ್ಷಣ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಎರಡು ಬೆರಳುಗಳಿಂದ ಹಿಡಿದು, ಒಂದೇ ದೀಪದ ಕೆಳಗೆ ಮೆಲ್ಲನೆ ವಾಲಿಸಿದರೆ, ಸವೆಯದ ಡಾಲರಿನ ಮೇಲೆ ಬೆಳಕಿನ ಪಟ್ಟೆಗಳು ಬಂಡಿಯ ಚಕ್ರದ ಅರಗಳಂತೆ ಸುತ್ತುತ್ತವೆ. ಅಚ್ಚಿನ ಪ್ರಹಾರಕ್ಕೆ ಸಿಕ್ಕಿದ ಬೆಳ್ಳಿಯು ಕೇಂದ್ರದಿಂದ ಅಂಚಿನ ಕಡೆಗೆ ಹರಿಯುವಾಗ ಮೂಡುವ ಅತಿಸೂಕ್ಷ್ಮವಾದ ಗೆರೆಗಳೇ ಈ ಕಾಂತಿಗೆ ಕಾರಣ. ಚಲಾವಣೆಯ ಉಜ್ಜಾಟದಲ್ಲಿ ಈ ಗೆರೆಗಳೇ ಮೊದಲು ಅಳಿಯುತ್ತವೆ; ಒಮ್ಮೆ ಅಳಿದವನ್ನು ಮರಳಿ ತರಬಲ್ಲ ಉಪಾಯ ಯಾವುದೂ ಇಲ್ಲ.

ಉಜ್ಜಾಟವು ಮೊದಲು ತಗಲುವುದು ಉಬ್ಬಿದ ಸ್ಥಳಗಳಿಗೆ. ಮಾರ್ಗನ್ ಡಾಲರಿನಲ್ಲಿ ದೇವಿಯ ಕಿವಿಯ ಮೇಲಣ ಮತ್ತು ಹಣೆಯ ಮೇಲಣ ಕೂದಲು, ಕೆನ್ನೆ, ಗರುಡನ ಎದೆಯ ಗರಿಗಳು, ಇವೇ ಆ ಸ್ಥಳಗಳು. ಆದರೆ ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿ ಕಂಡೊಡನೆಯೇ ನಾಣ್ಯವು ಸವೆದಿದೆಯೆಂದು ತೀರ್ಮಾನಿಸುವುದು ದುಡುಕಾದೀತು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಅನೇಕ ಡಾಲರುಗಳಿಗೆ ಅಚ್ಚಿನ ಪೆಟ್ಟು ಸಾಲದೆ ಆ ಕೂದಲಿನ ಎಳೆಗಳು ಹುಟ್ಟುವಾಗಲೇ ಮೂಡಲಿಲ್ಲ; 1880ರಿಂದ 1882ರವರೆಗಿನ ಸ್ಯಾನ್ ಫ್ರಾನ್ಸಿಸ್ಕೊ ಡಾಲರುಗಳಲ್ಲಾದರೋ ಒಂದೊಂದು ಎಳೆಯೂ ಸ್ಫುಟವಾಗಿ ನಿಂತಿರುತ್ತದೆ. ಸವೆದ ಜಾಗದಲ್ಲಿ ಕಾಂತಿಯು ತುಂಡಾಗಿ ಮಂಕಾದ ಬೂದುಬಣ್ಣ ತೋರುತ್ತದೆ. ಪೆಟ್ಟು ಸಾಲದ ಜಾಗದಲ್ಲಿ ಆ ಬೂದುಬಣ್ಣವಿರದೆ, ಅಚ್ಚಿಗೆ ಮುಟ್ಟದೆ ಉಳಿದ ಬಿಲ್ಲೆಯ ಮೂಲ ಮೇಲ್ಮೈಯೇ ತನ್ನ ಸಣ್ಣಪುಟ್ಟ ಗೀರುಗಳೊಡನೆ ಕಾಣುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡಬಲ್ಲವನಿಗೆ ವಿದ್ಯೆಯ ಅರ್ಧವು ಕೈವಶವಾದಂತೆಯೇ ಸರಿ.

ಮೂರನೆಯದು ಚೀಲದ ಗಾಯ. ಸಾವಿರ ಡಾಲರುಗಳ ಚೀಲವನ್ನು ಎತ್ತಿ ಹಾಕುವಾಗ ಒಂದರ ಅಂಚಿನ ಹಲ್ಲುಗಳು ಇನ್ನೊಂದರ ಮೈಯನ್ನು ಕಚ್ಚಿ ಬಿಟ್ಟ ಗುರುತುಗಳು ನಾಣ್ಯವನ್ನು ಅರುವತ್ತಕ್ಕಿಂತ ಕೆಳಗಿಳಿಸಲಾರವು. ಅದಕ್ಕಿಂತ ಮೇಲಣ ಅಂಕಗಳನ್ನು ಮಾತ್ರ ಕಡಿಮೆ ಮಾಡುತ್ತವೆ. ಅವು ಎಲ್ಲಿವೆಯೆಂಬುದೂ ಗಣನೀಯ. ಕೂದಲಿನ ಸುರುಳಿಯಲ್ಲಿ ಅಡಗಿದ ಗಾಯವು ಕಣ್ಣಿಗೆ ಬೀಳದಿರಬಹುದು. ನುಣುಪಾದ ಕೆನ್ನೆಯ ನಡುವೆ ಬಿದ್ದ ಅದೇ ಗಾಯವು ನೋಡಿದವರ ದೃಷ್ಟಿಯನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಲೇಶಮಾತ್ರ ಸವೆದ ಐವತ್ತೆಂಟರ ನಾಣ್ಯವೊಂದು ಗಾಯಗಳಿಂದ ತುಂಬಿದ ಅರುವತ್ತರ ನಾಣ್ಯಕ್ಕಿಂತ ಸುಂದರವಾಗಿ ತೋರುವುದುಂಟು.

ಮೋಸಗಾರನ ಕೈಚಳಕಕ್ಕೂ ಭೂತಗನ್ನಡಿಯೇ ಮದ್ದು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದುವು ಒಂದೇ ಲಕ್ಷ ಡಾಲರುಗಳಾದುದರಿಂದ, ಫಿಲಡೆಲ್ಫಿಯಾದ ಅದೇ ವರ್ಷದ ನಾಣ್ಯಕ್ಕೆ ಎಸ್ ಅಕ್ಷರವನ್ನು ಅಂಟಿಸಿ ಮಾರುವ ವಂಚನೆ ಬಹುಕಾಲದಿಂದ ನಡೆದುಬಂದಿದೆ. ಹಿಮ್ಮುಖದಲ್ಲಿ ಮಾಲೆಯ ಕೆಳಗಿರುವ ಆ ಅಕ್ಷರದ ಬುಡವನ್ನು ಹಿಗ್ಗಿಸಿ ನೋಡಿದರೆ ಬೆಸುಗೆಯ ಸೀಳು ಕಾಣಿಸಿಕೊಳ್ಳಬಹುದು. ಅಚ್ಚಿನಲ್ಲಿಯೇ ಮೂಡಿದ ಅಕ್ಷರವಾದರೆ ಅದು ಸುತ್ತಲಿನ ಲೋಹದೊಡನೆ ಏಕವಾಗಿಯೇ ಇರುತ್ತದೆ.

ಆದರೆ ವಂಚಕರಿಗಿಂತ ಹೆಚ್ಚಿನ ಹಾನಿಯನ್ನು ಮಾಡಿರುವವರು ಸದುದ್ದೇಶದಿಂದ ನಾಣ್ಯವನ್ನು ತಿಕ್ಕಿ ತೊಳೆದವರು. ಕಾಲಕ್ರಮದಲ್ಲಿ ಬೆಳ್ಳಿಯು ಗಾಳಿಯ ಗಂಧಕಾಂಶದೊಡನೆ ಕೂಡಿ ಕಪ್ಪಾಗುವುದು ಅದರ ಸ್ವಭಾವ. ಕೆಲವು ಡಾಲರುಗಳ ಮೇಲೆ ಆ ಪೊರೆಯು ನೀಲಿ, ಹೊಂಬಣ್ಣ, ನೇರಳೆಗಳಾಗಿ ಹರಡಿ ಬೆಲೆಯನ್ನೇ ಹೆಚ್ಚಿಸುವುದೂ ಉಂಟು. ಕಪ್ಪನ್ನು ಕೊಳೆಯೆಂದು ಭ್ರಮಿಸಿ ಪುಡಿಯಿಂದ ತಿಕ್ಕಿದವನು ಕಾಂತಿಯ ಗೆರೆಗಳನ್ನೂ ಅದರೊಡನೆ ಒರೆಸಿಹಾಕುತ್ತಾನೆ. ಅನಂತರ ಉಳಿಯುವ ಹೊಳಪಿನಲ್ಲಿ ಆ ಪಟ್ಟೆಗಳು ಸುತ್ತುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ. ದರ್ಜೆ ಕೊಡುವ ಸಂಸ್ಥೆಗಳು ಇಂಥ ನಾಣ್ಯಕ್ಕೆ ಅಂಕವನ್ನೇ ನಿರಾಕರಿಸಿ, ಶುಚಿಗೊಳಿಸಲ್ಪಟ್ಟದ್ದೆಂದು ಬರೆದು ಹಿಂದಿರುಗಿಸುತ್ತವೆ.

ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆಂದು ಕಾದಿರಿಸಿದ ಐದನೆಯ ಜಾರ್ಜ್ ದೊರೆಯ ರೂಪಾಯಿಗಳಿಗೂ ಈ ನಿಯಮವೇ ಸಲ್ಲುತ್ತದೆ. ವರ್ಷವರ್ಷವೂ ವಿಭೂತಿಯಿಂದಲೋ ಪುಡಿಯಿಂದಲೋ ಉಜ್ಜಿದಂತೆಲ್ಲ ದೊರೆಯ ಕಿರೀಟವೂ ಅಂಗಿಯ ಕಸೂತಿಯೂ ಕ್ರಮೇಣ ನುಣುಪಾಗುತ್ತವೆ. ಅವುಗಳಲ್ಲಿ 1918ರಿಂದ 1920ರವರೆಗಿನ ಇಸವಿಯುಳ್ಳದ್ದೊಂದು ಇದ್ದರೆ, ಅದರಲ್ಲಿ ಕರಗಿದ ಡಾಲರಿನ ಬೆಳ್ಳಿಯೂ ಬೆರೆತಿರಬಹುದು. ಪೂಜೆಗೆ ಉಜ್ಜುವ ನಾಣ್ಯ ಒಂದಿರಲಿ; ಉಳಿದವನ್ನು ಕೈಬೆವರು ತಗಲದಂತೆ ಅಂಚಿನಲ್ಲಿ ಹಿಡಿದು, ಒಣಗಿದ ಕಾಗದದ ಲಕೋಟೆಯಲ್ಲಿ ಒಂದೊಂದಾಗಿ ಬೇರೆ ಬೇರೆ ಇಟ್ಟು, ಕಪ್ಪಾಗಿದ್ದರೆ ಕಪ್ಪಾಗಿಯೇ ಬಿಡುವುದು ಮೇಲು. ಮುಂದಿನವರಿಗೆ ಪರೀಕ್ಷಿಸಲು ಏನಾದರೂ ಉಳಿಯಬೇಕಾದರೆ ಇಂದಿನವರು ತೋರಬೇಕಾದ ಸಂಯಮ ಇಷ್ಟೇ.