ಹರಿಗೋಲಿನಲ್ಲಿ ಅಂಬಿಗನ ಆಸನ

ನಾವೆಯನ್ನು ನಡೆಸುವವನಿಗೆ ಸಂಸ್ಕೃತದಲ್ಲಿ ಕರ್ಣಧಾರನೆಂದು ಹೆಸರು. ಇಲ್ಲಿ ಕರ್ಣವೆಂದರೆ ಕಿವಿಯಲ್ಲ, ಚುಕ್ಕಾಣಿ. ಅಮರಕೋಶದ ವಾರಿವರ್ಗವು ಹುಟ್ಟಿಗೆ ನೌಕಾದಂಡ, ಕ್ಷೇಪಣೀ ಎಂಬ ಹೆಸರುಗಳನ್ನೂ ಚುಕ್ಕಾಣಿಗೆ ಅರಿತ್ರ, ಕೇನಿಪಾತಕ ಎಂಬ ಹೆಸರುಗಳನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಕನ್ನಡದ ಚುಕ್ಕಾಣಿ ಎಂಬ ಶಬ್ದವಾದರೋ ಅರಬ್ಬೀ ಭಾಷೆಯ ಸುಕ್ಕಾನ್ ಎಂಬುದಕ್ಕೆ ಸಂಬಂಧಪಟ್ಟದ್ದು. ಕಡಲ ವ್ಯಾಪಾರದ ನಂಟಿನಿಂದ ಬಂದದ್ದು. ಈ ಮಾತುಗಳೆಲ್ಲವೂ ಮುಂದಲೆ ಹಿಂದಲೆಗಳುಳ್ಳ ಉದ್ದನೆಯ ನಾವೆಗೆ ಒಪ್ಪತಕ್ಕವು. ಆದರೆ ಲಕ್ಷ್ಮಣತೀರ್ಥವು ಹರಿಯುವ ಹುಣಸೂರು, ಕಾವೇರಿಯು ಹಾಯುವ ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ, ಕಪಿಲೆಯು ಹರಿಯುವ ಹೆಗ್ಗಡದೇವನಕೋಟೆ, ಈ ನಾಲ್ಕು ಸೀಮೆಗಳು ಸೇರಿದ ಕಾವೇರಿಯ ಬಯಲಿನಲ್ಲಿ ಹೊಳೆ ದಾಟಿಸುತ್ತ ಬಂದ ಸಾಧನವು ಹರಿಗೋಲು. ಅದಕ್ಕೆ ಚುಕ್ಕಾಣಿಯೇ ಇಲ್ಲ. ಹಾಗಾದರೆ ಅದನ್ನು ನಡೆಸುವವನು ಎಲ್ಲಿ ಕುಳಿತುಕೊಳ್ಳಬೇಕು, ಹೇಗೆ ಕುಳಿತುಕೊಳ್ಳಬೇಕು? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ದಾಟುವವರ ಪ್ರಾಣವೂ ಕೆಲವು ಕಾವ್ಯೋಕ್ತಿಗಳ ಅರ್ಥವೂ ಇದನ್ನು ಅವಲಂಬಿಸಿವೆ.

ಹರಿಗೋಲು ಬಿದಿರ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದರ ಹೊರಮೈಗೆ ತೊಗಲನ್ನು ಹೊದಿಸುತ್ತಿದ್ದರು. ಈಚೆಗೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಫೈಬರ್ ಇವು ಬಳಕೆಗೆ ಬಂದಿವೆ. ಹೊದಿಕೆಯು ಬದಲಾದರೂ ಆಕಾರವು ಬದಲಾಗಲಿಲ್ಲ. ದುಂಡಗಿರುವುದರಿಂದ ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ತಳವು ಚಪ್ಪಟೆಯಾಗಿರುವುದರಿಂದ ನೀರನ್ನು ಸೀಳಿ ನೇರವಾಗಿ ಸಾಗುವ ಗುಣವಿಲ್ಲ. ಉದ್ದದ ದೋಣಿಯಲ್ಲಿ ಮಾಡುವಂತೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ಮುಂದಕ್ಕೆ ಹೋಗದೆ ಬುಗುರಿಯಂತೆ ತಿರುಗುತ್ತದೆ. ಆದಕಾರಣ ಅಂಬಿಗನು ಸೇರಬೇಕಾದ ದಡದ ಕಡೆಯ ಅಂಚಿನಲ್ಲಿ ಕುಳಿತು, ಹುಟ್ಟನ್ನು ತನ್ನ ಮುಂದೆ ಅದ್ದಿ, ನೀರನ್ನು ತನ್ನತ್ತ ಸೆಳೆಯುತ್ತಾನೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸೆಳೆದು ತಿರುಗಾಟವನ್ನು ಸರಿದೂಗಿಸುತ್ತಾನೆ. ಆತನು ದೋಣಿಯನ್ನು ಹಿಂದಿನಿಂದ ನೂಕುವವನಲ್ಲ, ಮುಂದಿನಿಂದ ಎಳೆಯುವವನು. ಆತನು ಕುಳಿತ ಕಡೆಯೇ ಹರಿಗೋಲಿನ ಮುಂಭಾಗವೆಂದು ಹೇಳಬೇಕು.

ಈ ತಿರುಗುವ ಸ್ವಭಾವವು ಪರದೇಶದವರ ಕಣ್ಣಿಗೂ ಬಿದ್ದಿತ್ತು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ಬುಟ್ಟಿದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನೂ, ಅವು ಸದಾ ಸುತ್ತುತ್ತ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಬಹು ಹಿಂದೆ, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಗ್ರೀಕ್ ಚರಿತ್ರಕಾರ ಹೆರೊಡೋಟಸನು ಬಾಬಿಲೋನಿನ ದುಂಡು ದೋಣಿಗಳನ್ನು ವರ್ಣಿಸುತ್ತ, ಇಬ್ಬರು ನಿಂತುಕೊಂಡು, ಒಬ್ಬನು ಹುಟ್ಟನ್ನು ತನ್ನತ್ತ ಸೆಳೆದರೆ ಮತ್ತೊಬ್ಬನು ನೂಕುತ್ತಿದ್ದನೆಂದು ಹೇಳುತ್ತಾನೆ. ಇಬ್ಬರಿದ್ದಲ್ಲಿ ಆ ಕ್ರಮವು ಸಲ್ಲುತ್ತದೆ. ಒಬ್ಬನೇ ಇದ್ದಲ್ಲಿ ಮುಂದೆ ಕುಳಿತು ಸೆಳೆಯುವುದೇ ಯುಕ್ತ.

ಇನ್ನು ಆಸನದ ವಿಚಾರ. ಪತಂಜಲಿಯು ಆಸನಕ್ಕೆ ಸ್ಥೈರ್ಯ, ಸುಖ ಎಂಬ ಎರಡು ಲಕ್ಷಣಗಳನ್ನು ಒಟ್ಟಿಗೆ ಹೇಳಿರುವುದು ಯೋಗಿಗೆ ಮಾತ್ರವಲ್ಲದೆ ಅಂಬಿಗನಿಗೂ ಅನ್ವಯಿಸುತ್ತದೆ. ಕುಕ್ಕರಗಾಲಿನಲ್ಲಿ ಕುಳಿತರೆ ಮೈಭಾರವನ್ನು ಬೇಗನೆ ಅತ್ತಿತ್ತ ಹೊರಳಿಸಬಹುದು. ಆದರೆ ಕಾಲು ಬೇಗ ಜೋಮು ಹಿಡಿಯುತ್ತದೆ. ಒಂದು ಮಂಡಿಯನ್ನೂರಿ ಅದರಡಿ ಮಡಿಸಿದ ಗೋಣಿಯನ್ನಿಟ್ಟರೆ ತೋಳಿಗೆ ಬಲ ಸಿಕ್ಕುತ್ತದೆ, ಭಾರವೂ ಕೆಳಗೇ ಉಳಿಯುತ್ತದೆ. ಅಡ್ಡಹಲಗೆಯ ಮೇಲೆ ಕುಳಿತರೆ ಬೆನ್ನಿಗೂ ಮಂಡಿಗೂ ಸುಖ. ವೇಲ್ಸ್ ದೇಶದ ಟೈವಿ ನದಿಯ ತೊಟ್ಟಿಲಂಥ ದೋಣಿಗಳಲ್ಲಿ ಹೀಗೆ ನಡುವೆ ಹಲಗೆಯುಂಟು. ಆದರೆ ಹಲಗೆಯು ಎತ್ತರವಾದಷ್ಟೂ ಭಾರದ ಕೇಂದ್ರವು ಮೇಲೇರಿ, ಓಲಾಟವು ಹೆಚ್ಚಿ, ಮಗುಚುವ ಭಯವು ಬೆಳೆಯುತ್ತದೆ. ನಿಂತು ನಡೆಸುವುದು ಗಳು ನೆಲ ಮುಟ್ಟುವ ಆಳವಿಲ್ಲದ ನೀರಿಗೆ ಮಾತ್ರ ತಕ್ಕದ್ದು. ಸುಖಕ್ಕಾಗಿ ಸ್ಥೈರ್ಯವನ್ನು ತೆತ್ತರೆ ಎರಡೂ ಹೋಗುತ್ತವೆ. ಆದುದರಿಂದಲೇ ದಾಟುವವರೂ ಕೆಳಗೆ, ಅಂಬಿಗನ ಭಾರಕ್ಕೆ ಎದುರಾಗಿ ಹಂಚಿಕೊಂಡು ಕುಳಿತಿರಬೇಕು. ನಡುಹೊಳೆಯಲ್ಲಿ ಒಬ್ಬನು ಎದ್ದರೆ ಅಂಬಿಗನ ಆಸನವೇ ಕದಲಿದಂತೆ.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯು 1974ರಲ್ಲಿ ಮುಗಿದ ಮೇಲೆ, ಹರಿಯುತ್ತಿದ್ದ ಹೊಳೆಯು ಹರವಾದ ಜಲಾಶಯವಾಯಿತು. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾರಾಪುರದಲ್ಲಿ ವಸತಿಗೃಹವನ್ನು ತೆರೆದ ಬಳಿಕ, ಕಾಡುಮೃಗಗಳನ್ನು ನೋಡುವವರಿಗಾಗಿ ಯಂತ್ರದ ದೋಣಿಗಳೂ ಬಂದವು. ಯಂತ್ರದ ದೋಣಿಗೆ ಮುಂದಲೆ ಹಿಂದಲೆಗಳುಂಟು. ನಡೆಸುವವನಿಗೆ ನೆಲೆಯಾದ ಪೀಠವೂ ಬೇಕು. ಹಿಂಬದಿಯ ಯಂತ್ರದ ಹಿಡಿಯನ್ನು ಕೈಯಲ್ಲಿ ಹಿಡಿದು ನಡೆಸುವಲ್ಲಿ ಒಂದು ಪಕ್ಕಕ್ಕೆ ತಿರುಗಿ ಕುಳಿತಿರಬೇಕಾದ್ದರಿಂದ ಸೊಂಟವು ದಣಿಯುತ್ತದೆ. ಚಕ್ರವಿರುವಲ್ಲಿ ಬೆನ್ನೊರಗಿನ ಕುರ್ಚಿಯು ಸಾಧ್ಯ. ಆದರೆ ಕುಳಿತವನ ದೃಷ್ಟಿ ಮುಂದಿನವರ ತಲೆಗಳ ಮೇಲೆ ಹಾಯಬೇಕು, ಪಾದಗಳು ಊರಿರಬೇಕು, ಮೊಣಕೈಗಳು ಮಡಿದಿರಬೇಕು, ಬೇಕೆಂದಾಗ ಎದ್ದು ನಿಲ್ಲಲು ಎಡೆಯಿರಬೇಕು. ಇಷ್ಟಿದ್ದರೆ ಮೆತ್ತೆಯ ಮಾತು ಆಮೇಲಿನದು. ಹರಿಗೋಲಿನಲ್ಲಿ ದೇಹವೇ ಪೀಠವಾಗಿತ್ತು. ಇಲ್ಲಿ ಪೀಠವು ದೇಹಕ್ಕೆ ಅಳವಡಬೇಕಾಗಿದೆ.

ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ದೇಹವು ಹರಿಗೋಲು, ಭಗವಂತನು ಅಂಬಿಗ. ದಾಸರು ವಿಜಯನಗರದ ಕಾಲದವರು. ಪಾಯಸನು ಕಂಡ ದೋಣಿಯೂ ಆ ಕಾಲದ್ದೇ. ಪಾಠ ಹೇಳುವಲ್ಲಿ ಹರಿಗೋಲನ್ನು ‘ದೋಣಿ’ ಎಂದೂ ಅಂಬಿಗನನ್ನು ‘ಚುಕ್ಕಾಣಿ ಹಿಡಿದವನು’ ಎಂದೂ ಬಿಡಿಸಿಬಿಟ್ಟರೆ, ವಿದ್ಯಾರ್ಥಿಯ ಮನಸ್ಸಿನಲ್ಲಿ ಎಲ್ಲರ ಹಿಂದೆ, ಎತ್ತರದಲ್ಲಿ ಕುಳಿತ ಒಡೆಯನ ಚಿತ್ರವು ಮೂಡುತ್ತದೆ. ಹರಿಗೋಲಿನ ಅಂಬಿಗನಾದರೋ ದಾಟುವವರ ಮಟ್ಟದಲ್ಲಿಯೇ, ಅವರೊಡನೆ ಅದೇ ಬುಟ್ಟಿಯಲ್ಲಿ, ಅವರಿಗಿಂತ ಒಂದು ಮೊಳ ಮುಂದೆ ಕುಳಿತು, ದಡವನ್ನು ತನ್ನೆಡೆಗೆ ಸೆಳೆಯುತ್ತಿರುತ್ತಾನೆ. ಆತನು ಸುಮ್ಮನಾದರೆ ದೋಣಿ ನಿಲ್ಲುವುದಿಲ್ಲ, ಸುತ್ತುತ್ತದೆ. ಭಕ್ತನು ಅಂಬಿಗನನ್ನು ನಂಬಿ ಕರೆಯುವುದರ ತೀವ್ರತೆಯು ಈ ಚಿತ್ರದಿಂದ ವಿಶದವಾಗುತ್ತದೆ. ಹೊಳೆಗಳಿಗೆ ಸೇತುವೆಗಳಾಗಿ ಹರಿಗೋಲು ವಿರಳವಾಗುತ್ತಿರುವಾಗ, ನಿಘಂಟುಕಾರರು ಅದರ ಅರ್ಥವನ್ನು ಬರೆಯುವಲ್ಲಿ ಆಕಾರದೊಡನೆ ಅಂಬಿಗನು ಕೂರುವ ಎಡೆಯನ್ನೂ ಒಂದು ಮಾತಿನಲ್ಲಿ ಸೂಚಿಸಿದರೆ, ಹಳೆಯ ಹಾಡುಗಳು ಮುಂದಿನವರಿಗೂ ತಿಳಿಯಾಗಿ ಉಳಿಯುವುವು.