ಬೆಕ್ಕಿಗೊಂದು ಗಟ್ಟಿಯಾದ ಎತ್ತರ

ಮನೆಯನ್ನು ನಾವು ಚದರಡಿಯಲ್ಲಿ ಅಳೆಯುತ್ತೇವೆ. ಬೆಕ್ಕು ಅದೇ ಮನೆಯನ್ನು ನೆಲದಿಂದ ಅಟ್ಟದವರೆಗೂ ಬಳಸುತ್ತದೆ. ಇದು ಅದಕ್ಕೆ ವಂಶದಿಂದ ಬಂದ ಗುಣ. ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನ ತೋರಿಸಿಕೊಟ್ಟಿತು. ಆ ಕಾಡುಬೆಕ್ಕು ಇಲಿ, ಹಕ್ಕಿಗಳನ್ನು ಹಿಡಿಯುವ ಬೇಟೆಗಾರ. ತನಗಿಂತ ದೊಡ್ಡ ಪ್ರಾಣಿಗಳ ಬಾಯಿಗೆ ತಾನೇ ಬೀಳಬಹುದಾದ ಜೀವಿಯೂ ಹೌದು. ಗುಂಪಿನ ಬೆಂಬಲವಿಲ್ಲದೆ ಒಂಟಿಯಾಗಿ ಬದುಕುವ ಪ್ರಾಣಿಗೆ ಸುತ್ತಲೂ ಕಣ್ಣಿಡಲೂ ಅಪಾಯದಿಂದ ಪಾರಾಗಲೂ ಎತ್ತರ ಬೇಕು. ಬೆಕ್ಕುಗಳ ಪಶುವೈದ್ಯರ ಸಂಘಟನೆಗಳು 2013ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಬೆಕ್ಕಿನ ಐದು ಮೂಲಭೂತ ಅಗತ್ಯಗಳ ಪೈಕಿ ಸುರಕ್ಷಿತ ತಾಣಕ್ಕೇ ಮೊದಲ ಸ್ಥಾನ. ಹಾಗಾಗಿ ಹೊರಗೆ ಬಿಡಲಾಗದ ಫ್ಲ್ಯಾಟಿನ ಬೆಕ್ಕಿಗೆ 'ಕ್ಯಾಟ್ ಟ್ರೀ' ಎಂಬ ಕಂಬ-ಹಲಗೆಗಳ ಅಟ್ಟಣಿಗೆ ಶೋಕಿಯ ವಸ್ತುವಲ್ಲ. ಆದರೆ ಅದನ್ನು ಆರಿಸುವಾಗ ನಮ್ಮ ಕಣ್ಣಿಗೆ ಚೆಂದ ಕಾಣುವುದನ್ನು ಬಿಟ್ಟು ಬೆಕ್ಕಿನ ದೇಹಕ್ಕೆ ಒಗ್ಗುವುದನ್ನು ನೋಡಬೇಕು. ಅದರಲ್ಲೂ ಮೊದಲು ನೋಡಬೇಕಾದದ್ದು ಅಲುಗಾಡದ ಗಟ್ಟಿತನ.

ಗಟ್ಟಿತನದ ಲೆಕ್ಕ ಸರಳ. ಒಂದೂವರೆ ಮೀಟರ್ ಎತ್ತರ, ಅರ್ಧ ಮೀಟರ್ ಅಗಲದ ತಳ, 15 ಕಿಲೋ ತೂಕವಿರುವ ಒಂದು ಅಟ್ಟಣಿಗೆಯನ್ನು ತೆಗೆದುಕೊಳ್ಳೋಣ. ಅದರ ತೂಕ ತಳದ ಅಂಚಿನಿಂದ ಕಾಲು ಮೀಟರ್ ಒಳಗೆ ಬೀಳುತ್ತದೆ. ತುದಿಯಲ್ಲಿ ಅಡ್ಡಕ್ಕೆ ತಳ್ಳುವ ಬಲ ಒಂದೂವರೆ ಮೀಟರ್ ದೂರದಿಂದ ಕೆಲಸ ಮಾಡುತ್ತದೆ. ಅಂದರೆ ತುದಿಯನ್ನು ಎರಡೂವರೆ ಕಿಲೋ ತೂಕದಷ್ಟು ಬಲದಿಂದ ತಳ್ಳಿದರೂ ತಳದ ಒಂದು ಬದಿ ಮೇಲೇಳತೊಡಗುತ್ತದೆ. ನಾಲ್ಕು ಕಿಲೋದ ಬೆಕ್ಕು ಮೇಲಿನ ಹಲಗೆಯಿಂದ ಜೋರಾಗಿ ನೆಗೆಯುವಾಗ ಕ್ಷಣಮಾತ್ರ ಅದಕ್ಕಿಂತ ಹೆಚ್ಚು ಬಲ ಹಾಕಬಲ್ಲದು. ತಳದ ಅಗಲ ದುಪ್ಪಟ್ಟಾದರೆ ತಡೆಯುವ ಶಕ್ತಿಯೂ ದುಪ್ಪಟ್ಟು. ಮೇಲ್ತುದಿಯನ್ನು ಪಟ್ಟಿ, ಸ್ಕ್ರೂಗಳಿಂದ ಗೋಡೆಗೆ ಬಿಗಿದರೆ ಉರುಳುವ ಭಯವೇ ಬಹುಪಾಲು ಇಲ್ಲವಾಗುತ್ತದೆ. ಒಮ್ಮೆ ತೂರಾಡಿದ ಹಲಗೆಯನ್ನು ಬೆಕ್ಕು ಮತ್ತೆ ನಂಬುವುದು ಕಷ್ಟ.

ಗಟ್ಟಿತನದ ನಂತರದ ಮಾತು ಉಗುರಿನದು. ಬೆಕ್ಕು ಪರಚುವುದು ಉಗುರಿನ ಸವೆದ ಹೊರಪದರವನ್ನು ಕಳಚಲು, ಮೈ ಎಳೆದು ಹಿಗ್ಗಿಸಲು, ಜೊತೆಗೆ ಪಾದದ ಗ್ರಂಥಿಗಳ ವಾಸನೆಯನ್ನು ಅಂಟಿಸಿ ಇದು ತನ್ನ ಜಾಗವೆಂದು ಸಾರಲು. ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು, ಅಂದರೆ ಸುಮಾರು ಮೂರು ಅಡಿ, ನೇರ ಕಂಬವಾದರೂ ಇರಬೇಕು. ಅದಕ್ಕೆ ಕತ್ತಾಳೆ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದ್ದರೆ ಉಗುರಿಗೆ ಹಿಡಿತ ಸಿಗುತ್ತದೆ. ಆ ಉಗುರುಗಳು ಬಾಗಿರುವ ರೀತಿ ಹತ್ತುವುದಕ್ಕೆ ಅನುಕೂಲ, ತಲೆ ಕೆಳಗಾಗಿ ಇಳಿಯುವುದಕ್ಕೆ ಅಲ್ಲ. ಆದ್ದರಿಂದ ತುದಿಯಿಂದ ನೆಲಕ್ಕೆ ಒಂದೇ ನೆಗೆತವಾಗದಂತೆ ನಡುನಡುವೆ ಹಲಗೆಗಳಿರಬೇಕು. ಮುದಿ ಬೆಕ್ಕುಗಳಿಗಂತೂ ಈ ಮೆಟ್ಟಿಲುಗಳು ಹತ್ತಿರ ಹತ್ತಿರ ಇರಲೇಬೇಕು: 12 ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್-ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೊಂಬತ್ತರಲ್ಲಿ ಕೀಲು ಸವೆತದ ಗುರುತುಗಳಿದ್ದವು.

ಬೀರು, ಫ್ರಿಜ್ಜುಗಳ ಮೇಲೆ ಹತ್ತಿ ಕೂರುವ ಪ್ರಾಣಿಗೆ ಬೇರೆ ಖರ್ಚೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಕ್ಕಿಗೆ ಬೇಕಾದದ್ದು ಎತ್ತರವೇ ಹೊರತು ಅಂಗಡಿಯ ಸರಕಲ್ಲ. ಬಡಗಿಯಿಂದ ಗೋಡೆಗೆ ನಾಲ್ಕು ಹಲಗೆ ಹೊಡೆಸಿದರೂ ಸಾಕು. ಆದರೆ ಫ್ರಿಜ್ಜಿನ ತಲೆ ನುಣುಪು, ಪಕ್ಕದಲ್ಲೇ ಒಲೆಯಿರಬಹುದು, ಮೇಲಾಗಿ ಅಲ್ಲಿಂದ ನಾವೇ ಅದನ್ನು ಗದರಿಸಿ ಓಡಿಸುತ್ತೇವೆ. ಓಡಿಸುವ ಜಾಗ ಆಶ್ರಯವಾಗದು. ತಂದಿಟ್ಟ ಅಟ್ಟಣಿಗೆಯನ್ನು ಬೆಕ್ಕು ಮೂಸಿಯೂ ನೋಡುವುದಿಲ್ಲ ಎಂಬ ದೂರೂ ಇದೆ. ಅಂಥಲ್ಲಿ ಬೆಕ್ಕಿನ ಹಟವನ್ನು ದೂರುವ ಮೊದಲು ಅಟ್ಟಣಿಗೆ ನಿಂತ ಸ್ಥಳವನ್ನು ನೋಡಬೇಕು. ಮನೆಮಂದಿ ಸುಳಿಯದ ಮೂಲೆಗಿಂತ ನಡುಮನೆಯ ಕಿಟಕಿಯ ಬಳಿ ಇಡುವುದು ಮೇಲು. ಬೆಕ್ಕು ಮಲಗುವ ಬಟ್ಟೆಯನ್ನು ಹಲಗೆಗೆ ಹಾಸಿದರೆ ಪರಿಚಿತ ವಾಸನೆ ಧೈರ್ಯ ಕೊಡುತ್ತದೆ. ಆ ಕಿಟಕಿಗೆ ಗಟ್ಟಿ ಜಾಲರಿ ಇರಲೇಬೇಕು. ನ್ಯೂಯಾರ್ಕ್‌ನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರವಿದೆ; ಬೆಕ್ಕು ಬೀಳುವುದೇ ಇಲ್ಲವೆಂಬ ನಂಬಿಕೆಗೆ ಅದು ನೇರ ಉತ್ತರ.

ಎತ್ತರವೊಂದಿದ್ದರೆ ಎಲ್ಲವೂ ಸರಿಹೋಗುವುದೂ ಇಲ್ಲ. ಹೆದರಿದ ಬೆಕ್ಕು ಅವಿತುಕೊಳ್ಳಲೂ ಬಯಸುತ್ತದೆ. ಅಡಗಲು ಪೆಟ್ಟಿಗೆ ಕೊಟ್ಟ ಬೆಕ್ಕುಗಳ ಆತಂಕ ಬೇಗ ತಗ್ಗಿದ್ದನ್ನು ನೆದರ್‌ಲ್ಯಾಂಡ್ಸ್‌ನ ಆಶ್ರಯಧಾಮವೊಂದರಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಎರಡು ಬೆಕ್ಕುಗಳಿರುವ ಮನೆಯಲ್ಲಿ ಒಂದು ಇನ್ನೊಂದನ್ನು ಅಡ್ಡಗಟ್ಟದಂತೆ ಮೇಲೆ ಎರಡು ಆಸನ, ಇಳಿಯಲು ಎರಡು ದಾರಿ ಬೇಕು. ಇವಿಷ್ಟನ್ನು ಗಮನಿಸಿದರೆ ಬೆಲೆಗೂ ಬಣ್ಣಕ್ಕೂ ಮರುಳಾಗಬೇಕಿಲ್ಲ. ಕೊಳ್ಳುವ ಮುನ್ನ ಅಟ್ಟಣಿಗೆಯ ಮೇಲ್ತುದಿಯನ್ನು ಕೈಯಿಂದ ತಳ್ಳಿ ನೋಡಿ. ಅಲುಗಿದರೆ ಗೋಡೆಗೆ ಬಿಗಿಯುವ ವ್ಯವಸ್ಥೆ ಇದೆಯೇ ಎಂದು ಕೇಳಿ, ಇಲ್ಲವಾದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.