ಸೋಲಾಪುರದ ರೊಟ್ಟಿ, ಅಕ್ಕಲಕೋಟೆಯ ಹಿಂಡಿ

ಕಳೆದ ಸಂಕ್ರಾಂತಿಯ ವಾರದಲ್ಲಿ, ಕಕ್ಷಿಗಾರರೊಬ್ಬರ ಆಸ್ತಿಪತ್ರಗಳನ್ನು ಪರಿಶೀಲಿಸುವ ಸಲುವಾಗಿ ಸೋಲಾಪುರಕ್ಕೆ ಹೋಗಬೇಕಾಯಿತು. ಮಂಗಳೂರಿನಿಂದ ವಿಜಯಪುರದವರೆಗೆ ರೈಲು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 100 ಕಿಲೋಮೀಟರ್. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಅಂಗಡಿಗಳ ಫಲಕಗಳು ಮರಾಠಿಗೆ ತಿರುಗಿದವು. ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲಿಯೇ ಮುಂದುವರಿಯಿತು. ಕಾಸರಗೋಡಿನವನಾದ ನನಗೆ ಇಂತಹ ದೃಶ್ಯ ಹೊಸದಲ್ಲ. ಹೊಸದಾಗಿದ್ದುದು ಅಲ್ಲಿಯ ಊಟ. ಆದುದರಿಂದ ಕಾಗದಪತ್ರಗಳ ಕೆಲಸ ಮುಗಿದ ಮೇಲೆ ಉಳಿದ ಎರಡು ದಿನಗಳನ್ನು ಊಟಕ್ಕೆಂದೇ ಮೀಸಲಿಟ್ಟೆನು.

ಸೋಲಾಪುರ ಒಂದೇ ಭಾಷೆಯ ಊರಲ್ಲ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಅಲ್ಲಿಯ ಪೇಟೆಯಲ್ಲಿ ಕೇಳಿಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದವು. ಸುತ್ತಲಿನ ಒಣ ಸೀಮೆಯಿಂದ ಕೂಲಿಯವರು, ತೆಲುಗು ನಾಡಿನಿಂದ ಪದ್ಮಸಾಲಿ ನೇಕಾರರು ಬಂದು ನೆಲೆಸಿದರು. ಸೋಲಾಪುರದ ಚಾದರ ನಮ್ಮ ಮನೆಗಳಿಗೂ ಬಂದಿದೆ. ಆ ಚಾದರವನ್ನು ನೇಯ್ದ ಕೈಗಳು ಏನನ್ನು ಉಣ್ಣುತ್ತಿದ್ದವೆಂದು ನಾನು ಎಂದೂ ಯೋಚಿಸಿರಲಿಲ್ಲ.

ಅವು ಉಣ್ಣುತ್ತಿದ್ದುದು ಜೋಳದ ರೊಟ್ಟಿ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ತಟ್ಟಿ, ಹೆಂಚಿನ ಮೇಲೆ ಸುಟ್ಟರೆ ಬಿಸಿ ರೊಟ್ಟಿ. ಅದನ್ನೇ ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ನೀರಿನ ಪಸೆಯೆಲ್ಲ ಆರುವವರೆಗೆ ಇಟ್ಟರೆ ಖಡಕ್ ರೊಟ್ಟಿ. ಮರಾಠಿಯಲ್ಲಿ ಕಡಕ್ ಭಾಕರಿ. ಪೇಟೆಯಲ್ಲಿ ಇವುಗಳನ್ನು ಒಂದರ ಮೇಲೊಂದು ಪೇರಿಸಿ ಮಾರುತ್ತಾರೆ. ನೀರಿನ ಅಂಶವಿಲ್ಲದ ಕಾರಣ ಇವು ವಾರಗಟ್ಟಲೆ ಕೆಡುವುದಿಲ್ಲ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನಾನು ಮೊದಲ ರೊಟ್ಟಿಯನ್ನು ಮುರಿದಾಗ ಅರ್ಧ ಚೂರು ಪಕ್ಕದವರ ತಟ್ಟೆಗೆ ಹಾರಿತು. ಆ ಹಿರಿಯರು ನಗಲಿಲ್ಲ. ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಅಂಗೈಯಿಂದ ಅದುಮಿ ಮುರಿಯಬೇಕೆಂದು ತೋರಿಸಿಕೊಟ್ಟರು.

ರೊಟ್ಟಿಯ ಜೊತೆಗಾರ ಶೇಂಗಾ ಚಟ್ನಿ. ನಾವು ನೆಲಗಡಲೆ ಎನ್ನುವುದನ್ನು ಹುರಿದು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟುತ್ತಾರೆ. ಬೀಸಿದರೆ ಅದು ಬರಿಯ ಪುಡಿ. ಕುಟ್ಟಿದರೆ ಕಾಳಿನ ಎಣ್ಣೆ ಹೊರಬಂದು ಚಟ್ನಿ ಮೆತ್ತಗಾಗಿ ಹೊಳೆಯುತ್ತದೆ. ಅದರ ಮೇಲೆ ಒಂದಿಷ್ಟು ಮೊಸರು, ಬದಿಗೆ ಹಸಿ ಈರುಳ್ಳಿ. ತೆಂಗಿನಕಾಯಿ ತುರಿಯಿಲ್ಲದೆ ಅಡುಗೆಯೇ ಇಲ್ಲವೆಂದು ನಂಬಿದ್ದ ನನಗೆ ಇದೊಂದು ಪಾಠವಾಯಿತು.

ಈ ಊಟ ಅಲ್ಲಿಯ ನೆಲದಿಂದಲೇ ಹುಟ್ಟಿದ್ದು. ಮಳೆ ಕಡಿಮೆ, ಮಣ್ಣು ಕಪ್ಪು. ಮಳೆಗಾಲದ ಕೊನೆಯಲ್ಲಿ ಬಿತ್ತಿದ ಹಿಂಗಾರಿ ಜೋಳ, ಎರೆಮಣ್ಣು ಹಿಡಿದಿಟ್ಟ ತೇವದಿಂದಲೇ ಚಳಿಗಾಲವಿಡೀ ಬೆಳೆಯುತ್ತದೆ. ಅಲ್ಲಿಯ ಹೆಸರಾಂತ ತಳಿ ಮಾಲದಂಡಿ. ಅದರಿಂದ ಆಯ್ದ ಎಂ 35-1 ಎಂಬ ಬೀಜ 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಸಿದ್ಧವಾಯಿತು. ಇಂದಿಗೂ ವಿಜಯಪುರದ ಹೊಲಗಳಲ್ಲಿ ಅದನ್ನೇ ಬಿತ್ತುವವರಿದ್ದಾರೆ. ಅದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಮಂಗಳವೇಢೆಯೆಂದರೆ ನಮ್ಮ ಮಕ್ಕಳು ಇತಿಹಾಸದಲ್ಲಿ ಓದುವ ಕಲಚೂರಿ ಬಿಜ್ಜಳನ ಮಂಗಳವಾಡವೇ.

ನಾನು ಹೋದಾಗ ಊರಿನಲ್ಲಿ ಸಿದ್ಧೇಶ್ವರನ ಗಡ್ಡಾ ಯಾತ್ರೆ ನಡೆಯುತ್ತಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೋಲಾಪುರ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿ ಸುಟ್ಟು, ಆ ಕಾಲದ ತರಕಾರಿ ಕಾಳುಗಳನ್ನೆಲ್ಲ ಕೂಡಿಸಿ ಮಾಡಿದ ಪಲ್ಯದೊಡನೆ ಉಣ್ಣುತ್ತಾರೆ. ನಾನು ಇಳಿದುಕೊಂಡಿದ್ದ ಮನೆಯ ಹಿರಿಯಮ್ಮ ನನಗೂ ಬಡಿಸಿ, “ಚಳಿಗೆ ಮೈಯಾಗ ಎಣ್ಣಿ ಇರಬೇಕ್ರಿ” ಎಂದರು.

ಮರುದಿನ ಅಕ್ಕಲಕೋಟೆಗೆ ಹೊರಟೆನು. ಸೋಲಾಪುರದಿಂದ ಸುಮಾರು 40 ಕಿಲೋಮೀಟರ್. 1878ರಲ್ಲಿ ಸಮಾಧಿ ಹೊಂದಿದ ಸ್ವಾಮಿ ಸಮರ್ಥರ ಕ್ಷೇತ್ರವದು. ಬಂದವರಿಗೆಲ್ಲ ಅಲ್ಲಿಯ ಅನ್ನಛತ್ರದಲ್ಲಿ ಉಚಿತ ಊಟವುಂಟು. ಸಾಲಿನಲ್ಲಿ ನನ್ನ ಮುಂದಿದ್ದವರು ಮರಾಠಿಯಲ್ಲಿ, ಹಿಂದಿದ್ದವರು ಕನ್ನಡದಲ್ಲಿ ಮಾತನಾಡುತ್ತಿದ್ದರು. ಪಂಕ್ತಿಯಲ್ಲಿ ಕುಳಿತ ಮೇಲೆ ಆ ಭೇದವೂ ಉಳಿಯಲಿಲ್ಲ.

ನಾನು ಹೇಳಬೇಕೆಂದಿರುವ ಸಂಗತಿ ನಡೆದದ್ದು ಅಂದಿನ ರಾತ್ರಿ, ಅದೇ ಊರಿನ ಒಂದು ಸಣ್ಣ ಖಾನಾವಳಿಯಲ್ಲಿ. ನಾಲ್ಕು ಮೇಜು, ಒಳಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ತಾಯಿ, ಹೊರಗೆ ಬಡಿಸುತ್ತಿದ್ದ ಮಗ. ಹುಡುಗ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವನು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಝುಣಕ ಬಂದವು. ಒಳಗಿನಿಂದ ತಾಯಿ, “ತಮ್ಮಾ, ಸಾಹೇಬರಿಗೆ ಹಿಂಡಿ ಹಾಕೋ” ಎಂದು ಕೂಗಿದರು. ಹುಡುಗ ತಂದದ್ದು ಶೇಂಗಾ ಚಟ್ನಿ. ನಾನು ನಕ್ಕುಬಿಟ್ಟೆ. “ನಮ್ಮೂರಿನಲ್ಲಿ ಹಿಂಡಿಯನ್ನು ಹಸುವಿಗೆ ಹಾಕುತ್ತಾರಲ್ಲ!” ಎಂದೆ.

ಹುಡುಗನ ಮುಖ ಚಿಕ್ಕದಾಯಿತು. “ಅದು ಮನೀ ಮಾತ್ರೀ ಸರ. ಸಾಲೀ ಕನ್ನಡ ಅಲ್ರಿ. ಸಾಲ್ಯಾಗ ನಾವು ಚಟ್ನಿ ಅಂತೀವ್ರಿ” ಎಂದು, ತಪ್ಪು ಮಾಡಿದವನಂತೆ ತಲೆ ತಗ್ಗಿಸಿದನು.

ತಾಯಿ ಮಾತ್ರ ತಗ್ಗಲಿಲ್ಲ. ಕೈಯ ಹಿಟ್ಟನ್ನು ಒರೆಸಿಕೊಳ್ಳುತ್ತ ಹೊರಬಂದು, “ಕುಟ್ಟಿ ಕುಟ್ಟಿ ಎಣ್ಣಿ ಬಿಡಸ್ತೀವಿ ನೋಡ್ರಿ, ಅದಕ್ಕ ಹಿಂಡಿ. ನಿಮ್ಮ ದನ ತಿನ್ನೋದೂ ಶೇಂಗಾದ್ದ ಅಲ್ಲೇನ್ರಿ? ಹೆಸರು ಒಂದಾದ್ರ ಏನಾತು?” ಎಂದರು. ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ವಾದಿಸಿದವನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ.

ನನಗೆ ನನ್ನದೇ ಐದನೆಯ ತರಗತಿ ನೆನಪಾಯಿತು. ‘ನಮ್ಮ ಮನೆಯ ಊಟ’ ಎಂಬ ಪ್ರಬಂಧದಲ್ಲಿ ನಾನು ‘ಬೆಂದಿ’ ಎಂದು ಬರೆದಿದ್ದೆ; ಅಧ್ಯಾಪಕರು ಕೆಂಪು ಶಾಯಿಯಿಂದ ಅದನ್ನು ಹೊಡೆದು ‘ಸಾಂಬಾರು’ ಎಂದು ತಿದ್ದಿದ್ದರು. ಅಂದಿನಿಂದ ನಾನು ಬೆಂದಿಯನ್ನು ಉಂಡೆನೇ ಹೊರತು ಬರೆಯಲಿಲ್ಲ. ಈಗ ನಾಲ್ಕು ದಶಕ ದಾಟಿದವನು, ಅದೇ ಕೆಂಪು ಶಾಯಿಯನ್ನು ನಗೆಯ ರೂಪದಲ್ಲಿ ಇನ್ನೊಂದು ಗಡಿಯ ಮಗುವಿನ ಮೇಲೆ ಚೆಲ್ಲಿದ್ದೆ.

ಕಾನೂನಿನಲ್ಲಿ ಒಂದು ನಿಯಮವಿದೆ. 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು ಮೌಖಿಕ ಸಾಕ್ಷ್ಯ ನೇರವಾಗಿರಬೇಕೆಂದು ಹೇಳುತ್ತಿತ್ತು. ಈಗಿನ ಹೊಸ ಕಾನೂನಿನಲ್ಲಿಯೂ ಅದು ಉಳಿದಿದೆ. ಕಂಡದ್ದನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು. ಬೇರೆ ಇಂದ್ರಿಯಗಳಿಂದ ಅರಿತದ್ದಕ್ಕೂ ಇದೇ ನಿಯಮ. ಹಾಗಾದರೆ ಹಿಂಡಿಯ ವಿಷಯದಲ್ಲಿ ಸಾಕ್ಷಿ ಯಾರು? ದಿನವೂ ಅದನ್ನು ಕುಟ್ಟುವ ಆ ತಾಯಿ, ಉಣ್ಣುವ ಆ ಹುಡುಗ. ಅದನ್ನು ಮೊದಲ ಬಾರಿಗೆ ಬಾಯಿಗಿಟ್ಟ ನಾನಲ್ಲ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿಯನ್ನು 1956ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಅದರ ಆಧಾರದ ಮೇಲೆ ನಾವು ಶಾಲೆಯನ್ನು ಕೇಳಬಹುದು, ಅಧ್ಯಾಪಕರನ್ನು ಕೇಳಬಹುದು, ಪಠ್ಯಪುಸ್ತಕವನ್ನು ಕೇಳಬಹುದು. ಆದರೆ ಮನೆಯ ಮಾತನ್ನು ಮಗು ನಾಚಿಕೆಯಿಲ್ಲದೆ ಶಾಲೆಗೆ ಕೊಂಡೊಯ್ಯಬೇಕಾದರೆ ಅದಕ್ಕೆ ಧೈರ್ಯ ಕೊಡಬೇಕಾದವರು ನಾವೇ. ಪುಸ್ತಕದ ಕನ್ನಡ ಬೇಕು; ಅದಿಲ್ಲದೆ ಕಾಸರಗೋಡಿನ ನಾನು ಅಕ್ಕಲಕೋಟೆಯ ಆ ಹುಡುಗನೊಡನೆ ಇಷ್ಟು ಸಲೀಸಾಗಿ ಮಾತನಾಡಲಾಗುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ್ದೆಲ್ಲ ಕನ್ನಡವಲ್ಲವೆಂದು ಮಗು ತಿಳಿದರೆ, ಹಿಂಡಿ, ಪುಂಡಿಯೊಡನೆ ನಮ್ಮ ಸಾಂತಾಣಿ, ಪತ್ರೊಡೆಗಳೂ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

ಆ ರಾತ್ರಿ ಹುಡುಗನನ್ನು ಹತ್ತಿರ ಕರೆದು, ಬೆಂದಿಯ ಕಥೆಯನ್ನು ಹೇಳಿದೆ. ಅವನು ಕಣ್ಣರಳಿಸಿ, “ಬೆಂದಿ ಅಂದ್ರ? ಯಾರು ಬೆಂದ್ರು ಸರ?” ಎಂದು ಕೇಳಿದನು. ಈ ಬಾರಿ ಇಬ್ಬರೂ ನಕ್ಕೆವು. ಏಳುವಾಗ ತಾಯಿ ಕಾಲು ಕಿಲೋ ಚಟ್ನಿಯನ್ನು ಕಟ್ಟಿಕೊಟ್ಟರು. ಹಣ ತೆಗೆದುಕೊಳ್ಳಲು ಬಹಳ ಹೊತ್ತು ಒಪ್ಪಲಿಲ್ಲ.

ಮನೆಗೆ ಬಂದು ಪೊಟ್ಟಣವನ್ನು ಬಿಚ್ಚಿ ಡಬ್ಬಿಗೆ ತುಂಬಿದೆ. ನಮ್ಮ ಮನೆಯ ಡಬ್ಬಿಗಳಿಗೆ ಹೆಸರು ಅಂಟಿಸುವವಳು ಕನ್ನಡ ಶಾಲೆಗೆ ಹೋಗುವ ಮಗಳು. “ಅಪ್ಪಾ, ಇದಕ್ಕೆ ಏನೆಂದು ಬರೆಯಲಿ?” ಎಂದಳು.

“ಹಿಂಡಿ” ಎಂದೆ.

ಅವಳೂ ಮೊದಲು ನಕ್ಕಳು. ಕಥೆ ಕೇಳಿದ ಮೇಲೆ, ಗುಂಡಾದ ಅಕ್ಷರಗಳಲ್ಲಿ ಹಾಗೆಯೇ ಬರೆದಳು.